ಮ್ಯಾಚ್ ಮುಗಿಯುವ ತನಕ: ಒಬ್ಬ ಹುಡುಗ, ಅವನ ಗೇಮ್, ಅವನ ಅಪ್ಪ ಅಮ್ಮ

ಮೊದಲ ದಿನ ಅವರು ಮೂವರೂ ಕೂತ ರೀತಿ ನನಗೆ ಇವತ್ತಿಗೂ ನೆನಪಿದೆ. ಅಪ್ಪ ಬಾಗಿಲ ಪಕ್ಕದ ಕುರ್ಚಿ ಹಿಡಿದರು. ಅಮ್ಮ ನನ್ನ ಎದುರಿಗೆ ಕೂತರು. ಹುಡುಗ ಇಬ್ಬರಿಗೂ ಬೆನ್ನು ಹಾಕಿ ಕಿಟಕಿ ಕಡೆ ತಿರುಗಿಕೊಂಡ. ಅಮ್ಮನ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿತ್ತು. ಅಪ್ಪ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ ಮೇಲಿಟ್ಟರು. ಒಳಗೆ ಒಡೆದು ಚೂರಾದ ಫೋನ್ ಇತ್ತು.

"ನಾನೇ ಗೋಡೆಗೆ ಎಸೆದೆ ಮೇಡಂ. ಬೇರೆ ದಾರಿ ಕಾಣಲಿಲ್ಲ" ಅಂದರು.

"ಎಸೆದ ಮೇಲೆ ಏನಾಯ್ತು?" ಅಂತ ಕೇಳಿದೆ.

ಉತ್ತರ ಕೊಟ್ಟದ್ದು ಅಮ್ಮ. ಹುಡುಗ ಎರಡು ದಿನ ಊಟ ಮಾಡಿರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡಿದ್ದ. ಮೂರನೇ ದಿನ ಅಮ್ಮ ಒಳಗೆ ಹೋಗಲು ನೋಡಿದಾಗ ತಳ್ಳಿದ. ಬಿದ್ದು ಕೈ ಉಳುಕಿತು. ಅಮ್ಮ ಬಿದ್ದದ್ದು ನೋಡಿ ಅವನೇ ಗಾಬರಿಯಾಗಿ ಅತ್ತನಂತೆ. ಮರುದಿನ ಅಮ್ಮ ತನ್ನ ಹಳೆಯ ಫೋನ್ ಹುಡುಕಿ ಅವನಿಗೆ ಕೊಟ್ಟಿದ್ದರು. ಇದು ಅಪ್ಪನಿಗೆ ಗೊತ್ತಿರಲಿಲ್ಲ. ನನ್ನ ಎದುರಿಗೇ ಗೊತ್ತಾಯಿತು.

"ನೀನೇ ಸಲುಗೆ ಕೊಟ್ಟು ಕೆಡಿಸಿದ್ದು."

"ನೀವು ಮನೇಲಿದ್ರೆ ತಾನೆ ಗೊತ್ತಾಗೋದು?"

ಆ ಕ್ಷಣ ಹುಡುಗನ ಭುಜ ಸ್ವಲ್ಪ ಮೇಲಕ್ಕೆದ್ದು ಹಾಗೇ ಬಿಗಿಯಾಯಿತು. ಈ ಮಾತು ಅವನು ನೂರು ಸಲ ಕೇಳಿರಬೇಕು.

ನಾನು ಹಲವು ವರ್ಷಗಳಿಂದ ಮಕ್ಕಳ ಜೊತೆ, ಅವರ ಹೆತ್ತವರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಈ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ, ಎಂಟು ತಿಂಗಳ ಕಥೆ ಬರೆಯುತ್ತಿದ್ದೇನೆ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಮಗನ ಗೇಮ್ ಚಟ ಬಿಡಿಸಿ ಅಂತ ಬಂದವರು ಇವರು. ಆದರೆ ಎಲ್ಲಕ್ಕಿಂತ ಮೊದಲು ಬದಲಾಗಬೇಕಾಗಿದ್ದು ಮನೆಯಲ್ಲಿ "ಬೇಡ" ಅನ್ನುವ ಮಾತಿಗೆ ಇದ್ದ ಬೆಲೆ.

ಹುಡುಗನಿಗೆ 13 ವರ್ಷ. ಎಂಟನೇ ತರಗತಿ. ಐದು ವರ್ಷದ ತಂಗಿ ಇದ್ದಾಳೆ. ಅಪ್ಪನದು ಪಾಳಿ ಕೆಲಸ. ಒಂದು ವಾರ ಹಗಲು, ಒಂದು ವಾರ ರಾತ್ರಿ. ಅಮ್ಮ ಮನೆಯಿಂದಲೇ ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತಾರೆ. ದಿನವಿಡೀ ಕಾಲ್ ಇರುತ್ತದೆ. ಫೋನ್ ಅವನ ಕೈಗೆ ಬಂದದ್ದು ಆನ್‌ಲೈನ್ ಕ್ಲಾಸ್‌ಗೆ. ಕ್ಲಾಸ್ ನಿಂತಿತು, ಫೋನ್ ಉಳಿಯಿತು. ಹಿಂದಿನ ವರ್ಷ ಮನೆ ಬದಲಾಗಿ ಶಾಲೆಯೂ ಬದಲಾಗಿತ್ತು. ಆಟ ಜಾಸ್ತಿಯಾದದ್ದು ಆಮೇಲೆ. ಏಳು ತಿಂಗಳಿಂದ ಕೈ ಮೀರಿದೆ ಅಂದರು.

ಮೊದಲು ಕೇಳಬೇಕಾದ ಪ್ರಶ್ನೆ

ಫೋನ್ ಒಡೆದ ರಾತ್ರಿ ಅವನು "ಸತ್ತು ಹೋಗ್ತೀನಿ" ಅಂದಿದ್ದ. ಅಪ್ಪ ಅದನ್ನು ನಾಟಕ ಅಂದುಕೊಂಡಿದ್ದರು. ಅಮ್ಮ ಆ ರಾತ್ರಿಯಿಂದ ನಿದ್ದೆ ಮಾಡಿರಲಿಲ್ಲ.

ಇಂಥ ಮಾತು ಬಂದಿದ್ದರೆ ಗೇಮ್ ವಿಷಯ ಆಮೇಲೆ. ಮೊದಲು ಇದು. ಹೆತ್ತವರನ್ನು ಹೊರಗೆ ಕೂರಿಸಿ ಅವನನ್ನು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳದೆ ಬಿಡುವುದೇ ಜಾಸ್ತಿ ಅಪಾಯ. ಅವನು ತುಂಬಾ ಹೊತ್ತು ಸುಮ್ಮನಿದ್ದ. ಕೊನೆಗೆ, ಅವತ್ತು ಅಂದದ್ದು ಫೋನ್ ವಾಪಸ್ ಬರಲಿ ಅಂತ, ಅಂದ. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆಲವು ರಾತ್ರಿ "ನಾನಿಲ್ಲದಿದ್ರೂ ಯಾರಿಗೂ ಗೊತ್ತಾಗಲ್ಲ" ಅನ್ನಿಸುತ್ತದೆ ಅಂದ.

ಅದೇ ವಾರ ಮಕ್ಕಳ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಅವನ ಮನಸ್ಸು ಕುಗ್ಗಿದೆ, ಸದ್ಯಕ್ಕೆ ಔಷಧಿ ಬೇಡ, ಹದಿನೈದು ದಿನಕ್ಕೊಮ್ಮೆ ನೋಡೋಣ ಅಂದರು. ಮನೆಯಲ್ಲಿ ಅಪಾಯದ ವಸ್ತುಗಳನ್ನು ಕೈಗೆ ಸಿಗದ ಹಾಗೆ ಇಡಲು ಹೇಳಿದೆವು. ಇದ್ದಕ್ಕಿದ್ದಂತೆ ಫೋನ್ ಕಸಿದುಕೊಳ್ಳಬೇಡಿ ಅಂತಲೂ ಹೇಳಿದೆವು. ಅಪ್ಪನಿಗೆ ಈ ಎರಡನೇ ಮಾತು ಇಷ್ಟವಾಗಲಿಲ್ಲ. ಕಾಯಿಲೆ ಬಂದವನಿಗೆ ಕಾಯಿಲೆಯನ್ನೇ ಕೊಡಿ ಅಂದ ಹಾಗೆ ಆಯ್ತಲ್ವಾ ಮೇಡಂ, ಅಂದರು. ಪ್ರಶ್ನೆ ಸರಿಯಾಗೇ ಇತ್ತು.

ಇದು ಚಟವೇ?

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಗೆ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಅಂತ ಒಂದು ಕಾಯಿಲೆ ಸೇರಿದೆ. ಅದಕ್ಕೆ ಮೂರು ಗುರುತು ಹೇಳುತ್ತಾರೆ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದೆ ಬಂದಿರಬೇಕು. ಕೆಟ್ಟದ್ದಾಗುತ್ತಿದೆ ಅಂತ ಕಂಡರೂ ಆಟ ಮುಂದುವರಿದಿರಬೇಕು, ಇಲ್ಲವೇ ಇನ್ನೂ ಹೆಚ್ಚಿರಬೇಕು. ಸಾಮಾನ್ಯವಾಗಿ ಇದು 12 ತಿಂಗಳು ಕಂಡಿರಬೇಕು. ತುಂಬಾ ತೀವ್ರವಾಗಿದ್ದರೆ ಅಷ್ಟು ಕಾಯಬೇಕಿಲ್ಲ.

ಇಲ್ಲಿ ಗಂಟೆಗಳ ಲೆಕ್ಕ ಇಲ್ಲ ಅನ್ನುವುದನ್ನು ಗಮನಿಸಿ. ದಿನಕ್ಕೆ ಮೂರು ಗಂಟೆ ಆಡುವ ಮಗು ಚೆನ್ನಾಗೇ ಇರಬಹುದು. ಒಂದೂವರೆ ಗಂಟೆ ಆಡುವ ಮಗು ತೊಂದರೆಯಲ್ಲಿರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿ ಇನ್ನೂ ಎಚ್ಚರದ ಹೆಜ್ಜೆ ಇಟ್ಟಿತು. ಒಂಬತ್ತು ಲಕ್ಷಣ ಪಟ್ಟಿ ಮಾಡಿ, ಒಂದು ವರ್ಷದಲ್ಲಿ ಐದಾದರೂ ಕಂಡರೆ ಯೋಚಿಸಿ ಅಂದಿತು. ಜೊತೆಗೆ ಇದರ ಬಗ್ಗೆ ಇನ್ನೂ ಅಧ್ಯಯನ ಆಗಬೇಕು ಅಂತಲೂ ಬರೆಯಿತು.

ನಮ್ಮ ಹುಡುಗನಲ್ಲಿ ಮೂರು ಗುರುತೂ ಇದ್ದವು. ಆದರೆ ಆಗಿದ್ದು ಏಳು ತಿಂಗಳು. ಮನಸ್ಸು ಬೇರೆ ಕುಗ್ಗಿತ್ತು. ಆಟದಿಂದ ಮನಸ್ಸು ಕುಗ್ಗಿತಾ, ಕುಗ್ಗಿದ ಮನಸ್ಸು ಆಟ ಹಿಡಿಯಿತಾ ಅಂತ ಯಾರೂ ಖಚಿತವಾಗಿ ಹೇಳುವ ಹಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಪಟ್ಟಿಯಲ್ಲಿ, ಇನ್ನೂ ಕಾಯಿಲೆಯಾಗದ ಆದರೆ ಹಾನಿಯ ಕಡೆ ಹೊರಟಿರುವ ಆಟಕ್ಕೆ ಬೇರೆಯೇ ಒಂದು ಹೆಸರಿದೆ. ಮನೋವೈದ್ಯರು ಸದ್ಯಕ್ಕೆ ಅಲ್ಲೇ ಇಟ್ಟರು. ನನಗೂ ಅದೇ ಸರಿ ಅನ್ನಿಸಿತು. 13 ವರ್ಷದ ಮಗುವಿಗೆ "ನೀನು ಚಟಗಾರ" ಅಂತ ಹಣೆಪಟ್ಟಿ ಕಟ್ಟಿದರೆ ಅದನ್ನು ಹೊತ್ತುಕೊಂಡೇ ಬೆಳೆಯುತ್ತಾನೆ. ಅಪ್ಪ ಮನೆಯಲ್ಲಿ ಆ ಪದ ದಿನಾ ಬಳಸುತ್ತಿದ್ದರು. ಇನ್ನು ಬಳಸಬೇಡಿ ಅಂತ ಕೇಳಿಕೊಂಡೆ.

ಏಳು ದಿನದ ನೋಟ್‌ಬುಕ್

ಮೊದಲ ವಾರ ಏನೂ ಬದಲಿಸಬೇಡಿ, ನಡೆದದ್ದನ್ನು ಬರೆದಿಡಿ ಅಂತ ಅಮ್ಮನಿಗೆ ಹೇಳಿದೆ. ಅವರು ಲೆಕ್ಕ ಬರೆಯುವವರು. ಅಚ್ಚುಕಟ್ಟಾಗಿ ಬರೆದು ತಂದರು. ಒಂದು ಪುಟ ಹೀಗಿತ್ತು:

"ಮಂಗಳವಾರ. 7:40, ಫೋನ್ ಕೇಳಿದ. ಬೇಡ ಅಂದೆ. 7:45, ಮತ್ತೆ ಕೇಳಿದ. ಬೇಡ. 7:50, ಬಾಗಿಲು ಬಡಿದ. ಚಿಕ್ಕವಳು ಅತ್ತಳು. 8:05, ನಾನು ಕಾಲ್‌ನಲ್ಲಿದ್ದೆ. ಜೋರಾಗಿ ಕೂಗಿದ. 8:06, ಹತ್ತು ನಿಮಿಷ ಅಂತ ಕೊಟ್ಟೆ. 10:30, ವಾಪಸ್ ಕೊಟ್ಟ."

ಏಳು ದಿನದಲ್ಲಿ 19 "ಬೇಡ" ಇದ್ದವು. ಅದರಲ್ಲಿ 14 ಕೊನೆಗೆ "ಸರಿ, ಹತ್ತು ನಿಮಿಷ" ಆಗಿದ್ದವು. ಆ ಹತ್ತು ನಿಮಿಷ ಒಂದು ದಿನವೂ ಹತ್ತು ನಿಮಿಷಕ್ಕೆ ಮುಗಿದಿರಲಿಲ್ಲ. ಮಲಗುವ ಹೊತ್ತು ರಾತ್ರಿ 1:30, 2 ಗಂಟೆ. ಬೆಳಿಗ್ಗೆ 6:30ಕ್ಕೆ ಏಳಬೇಕು. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಅವನಿಗೆ ಸಿಗುತ್ತಿದ್ದದ್ದು ಅದರ ಅರ್ಧ. ಅವನ ಸಿಟ್ಟಿಗೆ, ಮಂಕಿಗೆ, ಕ್ಲಾಸ್‌ನಲ್ಲಿ ತೂಕಡಿಸುವುದಕ್ಕೆ ಇಷ್ಟೇ ಸಾಕಿತ್ತು.

ಆ ಮಂಗಳವಾರದ ಪುಟವನ್ನು ಇಬ್ಬರ ಮುಂದಿಟ್ಟೆ. ಇದರಲ್ಲಿ ಮಗ ಏನು ಕಲಿತ, ಹೇಳಿ ನೋಡೋಣ ಅಂದೆ. ಅಮ್ಮ ಓದುತ್ತಾ ಹೋದರು. 8:06ಕ್ಕೆ ಬಂದಾಗ ಬೆರಳು ನಿಂತಿತು. "ಕೇಳಿದ್ರೆ ಸಿಗಲ್ಲ. ಕೂಗಿದ್ರೆ ಸಿಗುತ್ತೆ" ಅಂದರು.

"ನೀವೇನು ಕಲಿತ್ರಿ?"

"ಕೊಟ್ರೆ ಸುಮ್ಮನಾಗ್ತಾನೆ."

ಗೆರಾಲ್ಡ್ ಪ್ಯಾಟರ್ಸನ್ ಅಂತ ಒಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮನೆಗಳೊಳಗೆ ನಡೆಯುವ ಜಗಳವನ್ನು ಹೀಗೇ ಹೆಜ್ಜೆ ಹೆಜ್ಜೆಯಾಗಿ ಗಮನಿಸಿ ಬರೆದರು. ಮಗು ಕೂಗುತ್ತದೆ, ದೊಡ್ಡವರು ಸೋಲುತ್ತಾರೆ, ಕೂಗು ನಿಲ್ಲುತ್ತದೆ. ಮಗುವಿಗೆ ಬೇಕಾದ್ದು ಸಿಕ್ಕಿತು. ದೊಡ್ಡವರಿಗೆ ನೆಮ್ಮದಿ ಸಿಕ್ಕಿತು. ಇಬ್ಬರಿಗೂ ಲಾಭ ಆದ್ದರಿಂದ ನಾಳೆ ಇಬ್ಬರೂ ಅದನ್ನೇ ಮಾಡುತ್ತಾರೆ. ಪ್ರತಿ ಸಲ ಕೂಗು ಸ್ವಲ್ಪ ಜೋರಾಗುತ್ತದೆ, ಅಷ್ಟೇ.

ಇದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಆ ಉಳಿದ ಐದು "ಬೇಡ". ಐದು ಸಲ ಅವನಿಗೆ ಫೋನ್ ನಿಜವಾಗಿ ಸಿಕ್ಕಿರಲಿಲ್ಲ. ಯಾವಾಗ ಸಿಗುತ್ತೆ, ಯಾವಾಗ ಇಲ್ಲ ಅಂತ ಹೇಳಲು ಬರುವುದಿಲ್ಲ. ಎಂಥದಕ್ಕೆ ಮನಸ್ಸು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಅಂತ ಗೊತ್ತಾ? ಇಂಥದಕ್ಕೇ. ಬಿ. ಎಫ್. ಸ್ಕಿನ್ನರ್ ಅನ್ನುವ ಇನ್ನೊಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ, ಕಾಳು ನಿಂತ ಮೇಲೆ ಪಾರಿವಾಳ ಬೇಗ ಬಿಟ್ಟುಬಿಡುತ್ತದೆ. ಯಾವ ಕುಕ್ಕಿಗೆ ಕಾಳು ಬೀಳುತ್ತದೆ ಅಂತ ಗೊತ್ತೇ ಆಗದಿದ್ದರೆ ಕುಕ್ಕುತ್ತಲೇ ಇರುತ್ತದೆ. ಗೇಮ್‌ಗಳಲ್ಲಿ ಬರುವ ಲೂಟ್ ಬಾಕ್ಸ್ ಕೆಲಸ ಮಾಡುವುದು ಇದೇ ಲೆಕ್ಕದಲ್ಲಿ. ಪೆಟ್ಟಿಗೆ ಒಡೆದರೆ ಒಳಗೆ ಏನು ಬರುತ್ತೆ ಅಂತ ಗೊತ್ತಿಲ್ಲ, ಹಾಗಾಗಿ ಇನ್ನೊಂದು ಒಡೆಯೋಣ ಅನ್ನಿಸುತ್ತದೆ. ಇದು ಜೂಜಿಗೆ ಸಮ ಅಂತ ಬೆಲ್ಜಿಯಂ 2018ರಲ್ಲೇ ಹೇಳಿತು.

ಈ ಮನೆಯ "ಬೇಡ" ಕೂಡ ಒಂದು ಲೂಟ್ ಬಾಕ್ಸ್ ಆಗಿಹೋಗಿತ್ತು. ಎಷ್ಟು ಸಲ ಬಡಿದರೆ ತೆರೆಯುತ್ತದೆ ಅಂತ ಗೊತ್ತಿಲ್ಲ. ಆದರೆ ಬಡಿದರೆ ಒಂದಲ್ಲ ಒಂದು ಸಲ ತೆರೆಯುತ್ತದೆ. ಅಪ್ಪ ಇದ್ದಾಗ ಒಂದು ನಿಯಮ, ರಾತ್ರಿ ಪಾಳಿಯಲ್ಲಿದ್ದಾಗ ಇನ್ನೊಂದು. ಅಪ್ಪ ಒಡೆದ ಫೋನ್‌ಗೆ ಬದಲಾಗಿ ಅಮ್ಮ ಗುಟ್ಟಾಗಿ ಕೊಟ್ಟ ಫೋನ್. ಇಬ್ಬರಿಗೂ ಮಗನ ಮೇಲೆ ಪ್ರೀತಿ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಟದಲ್ಲೂ ಮನೆಯಲ್ಲೂ ಅವನು ಕಲಿಯುತ್ತಿದ್ದದ್ದು ಒಂದೇ ಪಾಠ.

ನಾನು ಎಡವಿದ್ದು

ಮೊದಲ ಯೋಜನೆ ನನ್ನದು. ಅದು ಸೋತಿತು. ಅದನ್ನೂ ಬರೆಯಬೇಕು.

ಹೆತ್ತವರ ಜೊತೆ ಕೂತು ಒಂದು ನಿಯಮ ಮಾಡಿದೆ. ದಿನಕ್ಕೆ ಒಂದು ಗಂಟೆ. ಫೋನ್‌ನಲ್ಲೇ ಪೇರೆಂಟಲ್ ಕಂಟ್ರೋಲ್ ಹಾಕಿಸಿದೆ. ರಾತ್ರಿ ಎಂಟಾದರೆ ಗೇಮ್ ತಾನಾಗೇ ಬಂದ್. ಹುಡುಗನಿಗೆ ಅದನ್ನು ತಿಳಿಸಿದೆ, ಅವನ ಅಭಿಪ್ರಾಯ ಕೇಳಲಿಲ್ಲ. ಅವನು ತಲೆಯಾಡಿಸಿದ. ಒಪ್ಪಿಗೆ ಅಂದುಕೊಂಡೆ.

ನಾಲ್ಕೇ ದಿನ. ಅವನು ಫೋನ್‌ನ ಗಡಿಯಾರದ ಟೈಮ್ ಬದಲಿಸಿ ಒಂದು ದಿನ ದಾಟಿದ. ಅದನ್ನು ಮುಚ್ಚಿದೆವು. ಅಮ್ಮ ಪಿನ್ ಒತ್ತುವಾಗ ಹಿಂದೆ ನಿಂತು ನೋಡಿಕೊಂಡ. ಐದನೇ ದಿನ ಎಂಟು ಗಂಟೆಗೆ ಮ್ಯಾಚ್ ಮಧ್ಯದಲ್ಲೇ ಗೇಮ್ ಬಂದ್ ಆಯಿತು. ಆ ರಾತ್ರಿ ಮನೆಯಲ್ಲಿ ಆದ ಗಲಾಟೆ ಹಿಂದೆಂದೂ ಆಗಿರಲಿಲ್ಲ ಅಂತ ಅಮ್ಮ ಫೋನ್ ಮಾಡಿದರು.

ಮರುದಿನ ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಿದೆ. "ಮ್ಯಾಚ್ ಮಧ್ಯೆ ಬಿಟ್ಟರೆ ಏನಾಗುತ್ತೆ, ನನಗೆ ನಿಜವಾಗ್ಲೂ ಗೊತ್ತಿಲ್ಲ, ಹೇಳ್ತೀಯಾ?"

ಅವನು ಮೊದಲ ಸಲ ನನ್ನ ಮುಖ ನೋಡಿದ. ಹೇಳಲು ಶುರು ಮಾಡಿದ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡ. "ಟ, ಟ, ಟ" ಅಂತ ನಿಂತ. ಕಣ್ಣು ಮುಚ್ಚಿ, ಕುತ್ತಿಗೆ ಬಿಗಿ ಮಾಡಿ, ಕೊನೆಗೆ "ಟೀಮ್" ಅಂದ. ಅಷ್ಟು ದಿನ ಅವನ ಮೌನವನ್ನು ನಾನು ಮೊಂಡುತನ ಅಂದುಕೊಂಡಿದ್ದೆ. ಅವನಿಗೆ ಉಗ್ಗು ಇತ್ತು. ಹೆತ್ತವರು ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ಇತ್ತು, ಹೋಯಿತು ಅಂತ ಅವರು ನಂಬಿದ್ದರು. ನಾನು ಕೇಳಿರಲಿಲ್ಲ.

ನಿಧಾನಕ್ಕೆ ಎಲ್ಲ ಬಂತು. ನಾಲ್ಕು ಜನರ ತಂಡ. ಒಂದು ಮ್ಯಾಚ್ ಸುಮಾರು 20ರಿಂದ 25 ನಿಮಿಷ. ನಡುವೆ ಸ್ವಲ್ಪ ಹೊತ್ತು ಅಂತ ನಿಲ್ಲಿಸಲು ಬರುವುದಿಲ್ಲ. ಒಬ್ಬ ಬಿಟ್ಟರೆ ಉಳಿದ ಮೂವರು ಸೋಲುತ್ತಾರೆ. ಬಿಟ್ಟವನ ಅಂಕ ಕಡಿಮೆಯಾಗುತ್ತದೆ, ಸ್ವಲ್ಪ ಹೊತ್ತು ಆಡಲು ಬಿಡುವುದಿಲ್ಲ. ಪದೇ ಪದೇ ಬಿಟ್ಟರೆ ತಂಡದವರೇ ಹೊರಗೆ ಹಾಕುತ್ತಾರೆ. ತಂಡಕ್ಕೆ ಇವನೇ ಲೀಡರ್. "ಈಗಲೇ ಆಫ್ ಮಾಡು" ಅಂತ ಮನೆಯಲ್ಲಿ ಹೇಳಿದಾಗಲೆಲ್ಲ ಅವನಿಗೆ ಕೇಳಿಸುತ್ತಿದ್ದದ್ದು ಬೇರೆ. ಗೆಳೆಯರನ್ನು ಬಿಟ್ಟು ಓಡು ಅಂತ.

ಅಪ್ಪ ಪಕ್ಕದಲ್ಲಿ ಕೂತ ಸಂಜೆ

ಅಪ್ಪನಿಗೆ ಒಂದು ಕೆಲಸ ಕೊಟ್ಟೆ. ಒಂದು ಸಂಜೆ ಮಗನ ಪಕ್ಕ ಕೂತು ಎರಡು ಮ್ಯಾಚ್ ನೋಡಿ. ಬುದ್ಧಿ ಹೇಳಬೇಡಿ. ಗೊತ್ತಾಗದಿದ್ದರೆ ಕೇಳಿ. ಅಷ್ಟು ಹೊತ್ತು ನಿಮ್ಮ ಫೋನ್ ಬೇರೆ ರೂಮಿನಲ್ಲಿರಲಿ.

ಈ ಕೊನೆಯ ಮಾತಿಗೆ ಕಾರಣ ಇತ್ತು. ಹುಡುಗ ನನಗೆ ಬರೆದುಕೊಟ್ಟ ಒಂದು ಸಾಲು ಹೀಗಿತ್ತು: "ಅಪ್ಪ ನೋಡೋದು ಕೆಲಸ, ನಾನು ನೋಡೋದು ಚಟ." ಊಟದ ಹೊತ್ತಿನಲ್ಲಿ ಅಪ್ಪನ ಕೈಯಲ್ಲಿ ಫೋನ್ ಇರುತ್ತಿತ್ತು. ಅದು ಕೆಲಸ ಅಲ್ಲ ಅಂತ ಮಗನಿಗೆ ಕಾಣುತ್ತಿತ್ತು.

ಮುಂದಿನ ವಾರ ಅಪ್ಪ ಒಬ್ಬರೇ ಬಂದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಮಗ ಹೆಡ್‌ಫೋನ್ ಹಾಕಿಕೊಂಡಿದ್ದ. ಮ್ಯಾಚ್ ಶುರುವಾಯಿತು. "ಎಡಗಡೆ ಎಡಗಡೆ, ಮೇಲೆ ಇಬ್ಬರಿದ್ದಾರೆ, ನೀನು ನಿಲ್ಲು, ನಾನು ಹೋಗ್ತೀನಿ, ಈಗ ಬಾ, ಬಾ" ಅಂತ ಒಂದೇ ಸಮ ಮಾತಾಡಿದನಂತೆ. ಒಂದು ಅಕ್ಷರವೂ ಎಲ್ಲೂ ನಿಲ್ಲಲಿಲ್ಲ. ಉಳಿದ ಮೂವರೂ ಅವನು ಹೇಳಿದ ಹಾಗೆ ಮಾಡಿದರು.

"ನನ್ನ ಮಗ ಹಾಗೆ ಮಾತಾಡಿದ್ದು ನಾನು ಕೇಳಿ ಎರಡು ವರ್ಷ ಆಗಿತ್ತು ಮೇಡಂ" ಅಂದರು. ಕಣ್ಣು ಒರೆಸಿಕೊಂಡರು. "ನಾನು ಒಡೆದದ್ದು ಇದನ್ನ."

ಉಗ್ಗು ಇರುವ ಎಷ್ಟೋ ಮಕ್ಕಳಿಗೆ ಜಾಗದಿಂದ ಜಾಗಕ್ಕೆ, ಜನದಿಂದ ಜನಕ್ಕೆ ಅದು ಬದಲಾಗುತ್ತದೆ. ಹಾಡುವಾಗ, ಎಲ್ಲರೂ ಒಟ್ಟಿಗೆ ಓದುವಾಗ ಕಡಿಮೆಯಾಗುತ್ತದೆ. ಎಲ್ಲರೂ ತನ್ನನ್ನೇ ನೋಡುತ್ತಾ ಕಾಯುತ್ತಿದ್ದಾರೆ ಅನ್ನುವ ಕಡೆ ಜಾಸ್ತಿಯಾಗುತ್ತದೆ. ಹೊಸ ಶಾಲೆಯಲ್ಲಿ ಮೊದಲ ತಿಂಗಳೇ ಅವನನ್ನು ನಿಲ್ಲಿಸಿ ಪಾಠ ಓದಿಸಿದ್ದರು. ಕ್ಲಾಸ್ ನಕ್ಕಿತ್ತು. ಆಮೇಲೆ ಅವನ ಹೆಸರನ್ನೇ ಉಗ್ಗಿ ಉಗ್ಗಿ ಕರೆಯುವುದು ಶುರುವಾಯಿತು. ಮನೆಯಲ್ಲಿ ಹೇಳಲಿಲ್ಲ. ಹೇಳಲು ಆ ಪದಗಳೇ ಬಾಯಿಗೆ ಬರುತ್ತಿರಲಿಲ್ಲ. ಗೇಮ್‌ನಲ್ಲಿ ಮುಖ ಕಾಣುವುದಿಲ್ಲ. ಮಾತು ಕೆಲಸಕ್ಕೆ ಬರುತ್ತದೆ. ಅವನು ದಿನಕ್ಕೆ ಐದು ಗಂಟೆ ಅಲ್ಲಿ ಏಕೆ ಇರುತ್ತಿದ್ದ ಅಂತ ಅವತ್ತು ನನಗೆ ಅರ್ಥವಾಯಿತು.

ಹಾಗಂತ ಆಟ ಅವನಿಗೆ ಒಳ್ಳೆಯದೇ ಮಾಡುತ್ತಿತ್ತು ಅಂತಲ್ಲ. ನಿದ್ದೆ ಹೋಗಿತ್ತು, ಓದು ಹೋಗಿತ್ತು, ತಂಗಿ ಅವನನ್ನು ಕಂಡರೆ ಹೆದರುತ್ತಿದ್ದಳು. ಎರಡೂ ನಿಜ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನದ್ದು ಮಾಡಬೇಕಿತ್ತು.

ಹೊಸ ಮಾತುಕತೆ

ಎರಡನೇ ಯೋಜನೆಯನ್ನು ನಾಲ್ವರೂ ಕೂತು ಮಾಡಿದೆವು. ಅವನು ಪೆನ್ ಹಿಡಿದ.

ಲೆಕ್ಕ ನಿಮಿಷದಲ್ಲಿ ಅಲ್ಲ, ಮ್ಯಾಚ್‌ನಲ್ಲಿ. ಶಾಲೆ ಇರುವ ದಿನ ಎರಡು, ರಜಾ ದಿನ ನಾಲ್ಕು. ರಾತ್ರಿ 8:30ರ ಮೇಲೆ ಹೊಸ ಮ್ಯಾಚ್ ಇಲ್ಲ. ಆದರೆ ಶುರುವಾದ ಮ್ಯಾಚ್ ಮುಗಿಯುವ ತನಕ ಯಾರೂ ಫೋನ್ ಮುಟ್ಟುವಂತಿಲ್ಲ. ಈ ಕೊನೆಯ ಸಾಲು ಬರೆಯುವಾಗ ಅವನು ಅಪ್ಪನ ಮುಖ ನೋಡಿದ. ಅಪ್ಪ "ಬರಿ" ಅಂದರು.

ರಾತ್ರಿ 10ಕ್ಕೆ ಮನೆಯ ಎಲ್ಲ ಫೋನ್ ಹಾಲ್‌ನಲ್ಲಿ ಚಾರ್ಜ್‌ಗೆ. ಎಲ್ಲ ಅಂದರೆ ಅಪ್ಪ ಅಮ್ಮನದ್ದೂ. ತುರ್ತು ಕರೆ ಬಂದರೆ ರಿಂಗ್ ಆಗುತ್ತದೆ, ಎದ್ದು ಬಂದು ತೆಗೆದುಕೊಳ್ಳಬಹುದು. ಇದಕ್ಕೆ ಜಾಸ್ತಿ ವಿರೋಧ ಬಂದದ್ದು ಮಗನಿಂದ ಅಲ್ಲ, ಅಪ್ಪನಿಂದ.

ನಿಯಮ ಮುರಿದರೆ ಮರುದಿನ ಒಂದು ಮ್ಯಾಚ್ ಕಡಿಮೆ. ಅಷ್ಟಕ್ಕೆ ಮುಗಿಯಿತು. ವಾರಗಟ್ಟಲೆ ಶಿಕ್ಷೆ ಬೇಡ. ಅಂಕ ಕಡಿಮೆ ಬಂದದ್ದಕ್ಕೆ, ಎದುರು ಮಾತಾಡಿದ್ದಕ್ಕೆ, ರೂಮ್ ಗಲೀಜು ಇದ್ದದ್ದಕ್ಕೆ ಗೇಮ್ ಕಡಿಮೆ ಮಾಡುವುದೂ ಬೇಡ. ಇದರಲ್ಲಿ ನಾನು ಗಟ್ಟಿಯಾಗಿ ನಿಂತೆ. ಮನೆಯ ಪ್ರತಿಯೊಂದು ವಿಷಯಕ್ಕೂ ಗೇಮನ್ನೇ ಬಹುಮಾನ, ಗೇಮನ್ನೇ ಶಿಕ್ಷೆ ಮಾಡಿದರೆ ಮಗುವಿನ ಲೋಕದಲ್ಲಿ ಅದಕ್ಕಿಂತ ದೊಡ್ಡದು ಏನೂ ಉಳಿಯುವುದಿಲ್ಲ.

"ಬೇಡ" ಅನ್ನುವ ಮೊದಲು ಹತ್ತು ಸೆಕೆಂಡ್ ಯೋಚಿಸಿ ಅಂತ ಹೆತ್ತವರಿಗೆ ಹೇಳಿದೆ. ಕೊನೆಗೆ ಕೊಡುವುದೇ ಆದರೆ ಮೊದಲೇ "ಸರಿ" ಅನ್ನಿ. ಅದರಲ್ಲಿ ಸೋಲಿಲ್ಲ. ಆದರೆ "ಬೇಡ" ಅಂದರೆ ಅದು ಬೇಡವೇ. ಅಪ್ಪ ಅಂದರೂ ಅಮ್ಮ ಅಂದರೂ. ಮೊದಲ ಒಂದೆರಡು ವಾರ ಅವನ ಕೂಗು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ ಅಂತ ಎಚ್ಚರಿಸಿದೆ. ಅದು ಹಾಗೇ. ಇಷ್ಟು ದಿನ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದರೆ ಯಾರಾದರೂ ಮೊದಲು ಇನ್ನೂ ಜೋರಾಗಿ ಬಡಿಯುತ್ತಾರೆ. ಅಲ್ಲಿ ಸೋತು ಕೊಟ್ಟುಬಿಟ್ಟರೆ, ಇಷ್ಟು ಜೋರಾಗಿ ಬಡಿಯಬೇಕು ಅಂತ ಕಲಿಸಿದ ಹಾಗಾಗುತ್ತದೆ.

ಆರನೇ ರಾತ್ರಿ ಅವನು ಕುರ್ಚಿ ಉರುಳಿಸಿದ. ಅಪ್ಪ ಪಾಳಿಯಲ್ಲಿದ್ದರು. ಅಮ್ಮ ಚಿಕ್ಕವಳನ್ನು ಎತ್ತಿಕೊಂಡು, "ನಿನ್ನ ಸಿಟ್ಟು ನನಗೆ ಅರ್ಥ ಆಗುತ್ತೆ ಪುಟ್ಟಾ, ಫೋನ್ ಮಾತ್ರ ಇವತ್ತು ಇಲ್ಲ" ಅಂದು ಪಕ್ಕದ ರೂಮಿಗೆ ಹೋಗಿ ಕೂತರು. ಕೈ ನಡುಗುತ್ತಿತ್ತಂತೆ. ಮುಕ್ಕಾಲು ಗಂಟೆ ಬೇಕಾಯಿತು. ಆಮೇಲೆ ಅವನೇ ಬಂದು ಕುರ್ಚಿ ಎತ್ತಿಟ್ಟ. ಅವರಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಅಂಥ ರಾತ್ರಿ ಮತ್ತೆ ಬಂದದ್ದು ಎರಡೇ ಸಲ.

ಇದರ ಜೊತೆಗೇ ಮಾತಿನ ತರಬೇತಿಗೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಲು ಶುರು ಮಾಡಿದ. ಅಮ್ಮ ಶಾಲೆಗೆ ಹೋಗಿ ಕ್ಲಾಸ್ ಟೀಚರ್ ಜೊತೆ ಮಾತಾಡಿದರು. ಇದ್ದಕ್ಕಿದ್ದಂತೆ ನಿಲ್ಲಿಸಿ ಓದಿಸಬೇಡಿ, ಸಿದ್ಧವಾದಾಗ ಅವನೇ ಹೇಳುತ್ತಾನೆ ಅಂತ. ಟೀಚರ್ ಒಪ್ಪಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಜಾಸ್ತಿ ಕೆಲಸ ಮಾಡಿದ್ದು ಇವೆರಡು.

ದುಡ್ಡಿನ ವಿಷಯ, ಮತ್ತು ಹೊಣೆ ಯಾರದು ಅನ್ನುವುದು

ಮೂರನೇ ತಿಂಗಳಲ್ಲಿ ಇನ್ನೊಂದು ಹೊರಗೆ ಬಂತು. ಅಮ್ಮ ಕಾರ್ಡ್ ಲೆಕ್ಕ ನೋಡುವಾಗ ಚಿಕ್ಕ ಚಿಕ್ಕ ಮೊತ್ತ ನಲವತ್ತಕ್ಕೂ ಜಾಸ್ತಿ ಸಲ ಹೋಗಿದ್ದು ಕಂಡರು. ಎಲ್ಲ ಗೇಮ್‌ಗೆ. ಕೂಡಿದರೆ ಅಪ್ಪನ ಒಂದು ತಿಂಗಳ ಸಂಬಳದ ಆರನೇ ಒಂದು ಭಾಗ. ಒಂದು ಸಲ ಹುಟ್ಟುಹಬ್ಬಕ್ಕೆ ಅಂತ ಅಮ್ಮನೇ ಕಾರ್ಡ್ ಹಾಕಿಕೊಟ್ಟಿದ್ದರು. ಅದು ಅಲ್ಲೇ ಉಳಿದಿತ್ತು. ಹುಡುಗನಿಗೆ ಅದು ತಪ್ಪು ಅಂತ ಗೊತ್ತಿತ್ತು. ಎಷ್ಟಾಯಿತು ಅಂತ ಮಾತ್ರ ಗೊತ್ತಿರಲಿಲ್ಲ. ಗೇಮ್‌ನಲ್ಲಿ ಕಾಣುವುದು ದುಡ್ಡಲ್ಲ, ವಜ್ರ, ನಾಣ್ಯ.

ಅಮ್ಮ ನನ್ನ ಮುಂದೆ ಅತ್ತರು. ಎಲ್ಲ ನನ್ನದೇ ತಪ್ಪು ಅಂದರು.

ಎಲ್ಲ ಅವರದ್ದಲ್ಲ. ಮಕ್ಕಳು ಬೆರಳು ತಾಗಿಸಿದರೆ ಖರೀದಿ ಆಗಿಬಿಡುವ ಹಾಗೆ ಬಟನ್ ಜೋಡಿಸುವವರೂ ಇದ್ದಾರೆ. 2022ರ ಡಿಸೆಂಬರ್‌ನಲ್ಲಿ ಗ್ರಾಹಕರ ಹಿತ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದೇ ಆರೋಪದ ಮೇಲೆ ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿಯಿಂದ 24.5 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್ ಕೊಡಿಸಲು ಒಪ್ಪಂದ ಮಾಡಿಕೊಂಡಿತು. ಹೆತ್ತವರ ಒಪ್ಪಿಗೆ ಇಲ್ಲದೆ ಮಕ್ಕಳು ಖರೀದಿ ಮಾಡುವಂತೆ ಬಿಟ್ಟಿದ್ದೂ ಆ ದೂರಿನಲ್ಲಿತ್ತು. ಒಂದು ಕಡೆ ಇಂಥ ಕಂಪನಿ, ಇನ್ನೊಂದು ಕಡೆ ಕಾಲ್‌ನಲ್ಲಿರುವ ಒಬ್ಬ ತಾಯಿ. ಇದು ಸಮಬಲದ ಕುಸ್ತಿ ಅಲ್ಲ.

ಹಾಗಾದರೆ ಸರ್ಕಾರವೇ ನೋಡಿಕೊಳ್ಳಲಿ ಅಂತ ಅಪ್ಪ ಅಂದರು. ಕಾನೂನು ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಕಾರ್ಡ್, ಲೂಟ್ ಬಾಕ್ಸ್, ವಯಸ್ಸಿನ ಗುರುತು, ಇವಕ್ಕೆಲ್ಲ ಕಾನೂನೇ ಬೇಕು. ಆದರೆ ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರ ತನಕ ಆನ್‌ಲೈನ್ ಗೇಮ್ ಬಂದ್ ಮಾಡಿತು. ಹತ್ತು ವರ್ಷ ನಡೆಸಿ, 2022ರ ಹೊತ್ತಿಗೆ ಕೈಬಿಟ್ಟು, ಆಯ್ಕೆಯನ್ನು ಮನೆಗಳಿಗೇ ಬಿಟ್ಟಿತು. ಚೀನಾ 2021ರಲ್ಲಿ 18 ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗಳಂದು ರಾತ್ರಿ 8ರಿಂದ 9, ಅಷ್ಟೇ ಅಂತ ನಿಯಮ ಮಾಡಿತು. ಅಲ್ಲೂ ಮಕ್ಕಳು ದೊಡ್ಡವರ ಹೆಸರಿನ ಖಾತೆಯಲ್ಲಿ ಆಡುವುದು ನಿಲ್ಲಲಿಲ್ಲ. ಆ ಖಾತೆ ಯಾವುದೋ ಮನೆಯ ದೊಡ್ಡವರದ್ದೇ ತಾನೆ?

ಅಮ್ಮನಿಗೆ ನಾನು ಹೇಳಿದ್ದು ಇಷ್ಟು. ತಪ್ಪು ಬೇರೆ, ಹೊಣೆ ಬೇರೆ. ಕಾರ್ಡ್ ಮರೆತದ್ದಕ್ಕೆ ಕೊರಗುತ್ತಾ ಕೂರುವುದರಿಂದ ಮಗನಿಗೆ ಏನೂ ಸಿಗುವುದಿಲ್ಲ. ಇವತ್ತು ಕಾರ್ಡ್ ತೆಗೆದು, ಖರೀದಿಗೆ ನಿಮ್ಮ ಒಪ್ಪಿಗೆ ಬೇಕು ಅನ್ನುವ ಸೆಟ್ಟಿಂಗ್ ಹಾಕಿದರೆ ಸಿಗುತ್ತದೆ. ಹತ್ತು ನಿಮಿಷದ ಕೆಲಸ. ಅಲ್ಲೇ ಕೂತು ಮಾಡಿದೆವು. ಅವನೇ ತೋರಿಸಿಕೊಟ್ಟ. ಹೋದ ದುಡ್ಡಿನ ಲೆಕ್ಕವನ್ನು ಅಮ್ಮ ಅವನ ಕೈಯಲ್ಲೇ ಕೂಡಿಸಿದರು, ವಜ್ರದಲ್ಲಿ ಅಲ್ಲ, ದುಡ್ಡಿನಲ್ಲಿ. ಮೊತ್ತ ನೋಡಿ ಅವನು ಬಿಳಿಚಿಕೊಂಡ. ಮೇಲೆ ಬೈಯುವ ಅಗತ್ಯ ಯಾರಿಗೂ ಕಾಣಲಿಲ್ಲ.

ಎಂಟು ತಿಂಗಳಾದ ಮೇಲೆ

ಅವನು ಈಗಲೂ ಆಡುತ್ತಾನೆ. ಬಿಡಿಸಬೇಕು ಅನ್ನುವುದು ನಮ್ಮ ಗುರಿ ಆಗಿರಲಿಲ್ಲ. ಶಾಲೆ ದಿನ ಎರಡು ಮ್ಯಾಚ್, ಬಹುತೇಕ. ಶನಿವಾರ ನಾಲ್ಕು ಅನ್ನುವುದು ಆರಾಗುತ್ತದೆ. ರಾತ್ರಿ 10:30ಕ್ಕೆ ಮಲಗುತ್ತಾನೆ. ಎಲ್ಲಕ್ಕಿಂತ ಮೊದಲು ಸುಧಾರಿಸಿದ್ದು ನಿದ್ದೆ, ಅದರ ಹಿಂದೆಯೇ ಸಿಟ್ಟು. ಮನೋವೈದ್ಯರು ತಿಂಗಳಿಗೊಮ್ಮೆ ಬಂದರೆ ಸಾಕು ಅಂದಿದ್ದಾರೆ.

ಎರಡು ಸಲ ಜಾರಿದ. ಒಮ್ಮೆ ಪರೀಕ್ಷೆ ಮುಗಿದ ರಜೆಯಲ್ಲಿ. ಇನ್ನೊಮ್ಮೆ ಅಮ್ಮ ಜ್ವರ ಬಂದು ಒಂದು ವಾರ ಮಲಗಿದ್ದಾಗ. ಅಪ್ಪನ ರಾತ್ರಿ ಪಾಳಿಯ ವಾರ ಇವತ್ತಿಗೂ ದುರ್ಬಲವೇ. ಹಗಲು ಪಾಳಿಯ ವಾರ ಇಬ್ಬರೂ ಸಂಜೆ ಸೈಕಲ್ ಹೊಡೆಯುತ್ತಾರೆ. ರಾತ್ರಿ ಪಾಳಿಯ ವಾರದಲ್ಲಿ ಆ ಹೊತ್ತು ಖಾಲಿ. ಅದನ್ನು ಹೇಗೆ ತುಂಬುವುದು ಅಂತ ನಾವಿನ್ನೂ ಹುಡುಕುತ್ತಿದ್ದೇವೆ. ಹಾಲ್‌ನಲ್ಲಿ ಫೋನ್ ಇಡುವ ನಿಯಮವನ್ನು ಯಾರು ಮುರಿದರೂ ನೋಟ್‌ಬುಕ್‌ನಲ್ಲಿ ಬರೆಯಬೇಕು. ಕಳೆದ ತಿಂಗಳ ಪುಟದಲ್ಲಿ ಅಪ್ಪನ ಹೆಸರು ಐದು ಸಲ, ಮಗನದ್ದು ಮೂರು ಸಲ.

ಮೂರು ವಾರದ ಹಿಂದೆ ಅವನು ಟೀಚರ್‌ಗೆ ಒಂದು ಚೀಟಿ ಕೊಟ್ಟ. "ನಾಳೆ ನಾನು ಓದ್ತೀನಿ." ಮರುದಿನ ಎದ್ದು ನಿಂತು ಒಂದು ಪ್ಯಾರಾ ಓದಿದ. ಎರಡು ಕಡೆ ಸಿಕ್ಕಿಕೊಂಡ. ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಪೂರ್ತಿ ಓದಿಯೇ ಕೂತ.

ಆ ಸಂಜೆ ಮನೆಗೆ ಬಂದು ಐದು ಮ್ಯಾಚ್ ಆಡ್ತೀನಿ ಅಂತ ಕೇಳಿದ. ಕಾರಣ ಹೇಳಿದ, ಯಾರೋ ನಕ್ಕರು ಅಂತ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಎರಡೇ. ಆದ್ರೆ ಎರಡೂ ನಾನು ನೋಡ್ತೀನಿ" ಅಂದರು. ಅವನು ಗೊಣಗಿದ. ಆಮೇಲೆ ಅಪ್ಪನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ.